ಸಕ್ಕರೆಯ ಅಚ್ಚು, ಬಣ್ಣದ ಅಚ್ಚು

‘ಅಚ್ಚು’ ಎಂಬುದು ಚಿಕ್ಕ ಮಾತಾದರೂ ಅದರ ವ್ಯಾಪ್ತಿ ದೊಡ್ಡದು. ಬೆಲ್ಲದ ಪಾಕವನ್ನು ಎರೆಯುವ ಪಡಿಯಚ್ಚಿಗೂ ಅದೇ ಹೆಸರು. ಅದರಿಂದ ಹೊರಬಂದ ಬೆಲ್ಲ ಅಚ್ಚುಬೆಲ್ಲ. ಪುಸ್ತಕವನ್ನು ಮುದ್ರಿಸುವ ಮನೆ ಅಚ್ಚುಕೂಟ. ಅಲ್ಲಿ ಹಿಂದೆ ಜೋಡಿಸುತ್ತಿದ್ದ ಸೀಸದ ಅಕ್ಷರ ಅಚ್ಚುಮೊಳೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟಿನಲ್ಲಿಯೂ ಎರಕದ ಅರ್ಥ, ಮುದ್ರಣದ ಅರ್ಥ ಎರಡೂ ಈ ಶಬ್ದಕ್ಕೆ ಉಂಟು. ಬಂಡಿಯ ಅಚ್ಚಾದರೋ ‘ಅಕ್ಷ’ ಶಬ್ದದ ತದ್ಭವ, ಅದು ಬೇರೆ. ಎರಕ, ಮುದ್ರಣಗಳೆರಡೂ ತಿನಿಸಿಗೆ ಅನ್ವಯಿಸುವ ಬಗೆಯನ್ನು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂದು ಏಕಕಾಲದಲ್ಲಿ ಕಾಣಬಹುದಾಗಿದೆ.

ಮೊದಲನೆಯದು ಸಂಕ್ರಾಂತಿಯ ಸಕ್ಕರೆ ಅಚ್ಚು. ಜನವರಿ ಬಂತೆಂದರೆ ಬಸವನಗುಡಿಯ ಗಾಂಧಿಬಜಾರಿನಲ್ಲಿಯೂ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೂ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಗಳ ಪಕ್ಕದಲ್ಲಿ ಬೆಳ್ಳನೆಯ ಗಿಳಿ, ಆನೆ, ಮೀನು, ಗೋಪುರ, ತುಳಸೀ ಬೃಂದಾವನಗಳು ಮಾರಾಟಕ್ಕೆ ಬರುತ್ತವೆ. ಇವುಗಳ ಮೂಲ ಮರದ ಪಡಿಯಚ್ಚು. ಬಡಗಿಯು ಮರದ ಹೋಳುಗಳ ಒಳಮೈಯಲ್ಲಿ ಆಕೃತಿಯನ್ನು ತಿರುವುಮುರುವಾಗಿ ಕೆತ್ತುತ್ತಾನೆ. ಗಿಳಿಯ ಉಬ್ಬಿದ ಎದೆ ಮರದಲ್ಲಿ ತಗ್ಗಾಗಿರುತ್ತದೆ. ಅಚ್ಚುಮೊಳೆಯಲ್ಲಿ ಅಕ್ಷರವು ಎಡಬಲ ತಿರುಗಿ ಕುಳಿತಿರುವುದಷ್ಟೆ. ಎರಡು ಕಸುಬುಗಳಿಗೂ ಬುದ್ಧಿ ಒಂದೇ.

ಮಾಡುವ ಕ್ರಮ ಸರಳವೆಂದು ತೋರಿದರೂ ಹದ ಸುಲಭವಲ್ಲ. ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಸಿ, ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿಯಬೇಕು. ಒಣ ಮರವಾದರೆ ಸಕ್ಕರೆ ಅಂಟಿಕೊಳ್ಳುತ್ತದೆ. ಸಕ್ಕರೆಗೆ ನೀರು ಬೆರೆಸಿ ಕಾಯಿಸಿ, ಸ್ವಲ್ಪ ಹಾಲೆರೆದರೆ ಕಲ್ಮಷವು ಮೇಲೆ ಬಂದು ನಿಲ್ಲುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಬೇಕು. ಅನಂತರ ಸ್ವಲ್ಪ ಸ್ವಲ್ಪವೇ ಪಾಕವನ್ನು ಕಾಯಿಸಿ, ಪಾತ್ರೆಯ ಅಂಚಿನಲ್ಲಿ ಬೆಳ್ಳಗಾಗುವವರೆಗೆ ಕೆದಕಿ, ಕೂಡಲೇ ಎರೆಯಬೇಕು. ಹರಳುಗಟ್ಟುವುದಕ್ಕೆ ಮೊದಲೇ ಎರೆದರೆ ಅಚ್ಚು ನಿಲ್ಲುವುದಿಲ್ಲ. ತಡೆದರೆ ಪಾತ್ರೆಯಲ್ಲಿಯೇ ಗಟ್ಟಿಯಾಗುತ್ತದೆ. ಈ ಒಂದು ಕ್ಷಣವನ್ನು ಗುರುತಿಸುವ ಕಣ್ಣನ್ನು ಮನೆಯ ಹಿರಿಯ ಹೆಂಗಸರು ಕಿರಿಯರಿಗೆ ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಸುತ್ತಿದ್ದರು. ಸಿದ್ಧ ಅಚ್ಚುಗಳನ್ನು ಅಂಗಡಿಯಿಂದ ತರುವ ಮನೆಗಳಲ್ಲಿ ಆ ಪಾಠ ನಿಲ್ಲುತ್ತಿದೆ.

ಎರಡನೆಯದು ಬೇಕರಿಯ ಚಿತ್ರ. ಹುಟ್ಟುಹಬ್ಬದ ಕೇಕಿನ ಮೇಲೆ ಮಗುವಿನ ಭಾವಚಿತ್ರವನ್ನೇ ಮೂಡಿಸಿಕೊಡುವ ರೂಢಿ ಈಗ ಸಾಮಾನ್ಯವಾಗಿದೆ. ಇಲ್ಲಿ ಕಾಗದದ ಬದಲು ಅಕ್ಕಿ ಇಲ್ಲವೆ ಆಲೂಗೆಡ್ಡೆಯ ಪಿಷ್ಟದ ತೆಳುಹಾಳೆ, ಅಥವಾ ಸಕ್ಕರೆ, ಪಿಷ್ಟ, ಅಂಟುಗಳಿಂದಾದ ಐಸಿಂಗ್ ಹಾಳೆ. ಶಾಯಿಯ ಬದಲು ತಿನ್ನಲರ್ಹವಾದ ನೀಲಿ, ಮೆಜೆಂಟಾ, ಹಳದಿ, ಕಪ್ಪು ಬಣ್ಣಗಳ ದ್ರವ. ಪ್ರಿಂಟರ್ ಇವನ್ನು ಸಣ್ಣ ಹನಿಗಳಾಗಿ ಸಿಂಪಡಿಸುತ್ತದೆ. ಬಿಳಿಯ ಬಣ್ಣವಿರುವುದಿಲ್ಲ, ಹಾಳೆಯ ಬಿಳುಪೇ ಬಿಳಿ. ಐಸಿಂಗ್ ಹಾಳೆಯನ್ನು ಕೆನೆಯ ಮೇಲೆ ಹರಡಿದರೆ ಅದು ತೇವವನ್ನು ಹೀರಿ ಕೆನೆಯೊಡನೆ ಒಂದಾಗುತ್ತದೆ. ಪಿಷ್ಟದ ಹಾಳೆಗೆ ತೇವ ಹೆಚ್ಚಾದರೆ ಸುಕ್ಕುಗಟ್ಟುತ್ತದೆ. ಕಪ್‌ಕೇಕುಗಳಿಗಾದರೆ ಒಂದೇ ಹಾಳೆಯಲ್ಲಿ ಅನೇಕ ಸಣ್ಣ ಚಿತ್ರಗಳನ್ನು ಮುದ್ರಿಸಿ, ದುಂಡಗೆ ಕತ್ತರಿಸಿ ಕೂರಿಸುತ್ತಾರೆ.

ಇವೆರಡರ ನಡುವಣ ಭೇದವೊಂದನ್ನು ವಿದ್ಯಾರ್ಥಿಗಳು ಮನಗಾಣಬೇಕು. ಮರದ ಅಚ್ಚು ಸಕ್ಕರೆಗೆ ರೂಪವನ್ನು ಕೊಟ್ಟು ತಾನು ಹಿಂದೆ ಸರಿಯುತ್ತದೆ. ತಿನ್ನುವವನ ಪಾಲಿಗೆ ಬರುವುದು ಸಕ್ಕರೆ ಮಾತ್ರ. ಪ್ರಿಂಟರಿನ ಚಿತ್ರದಲ್ಲಿಯಾದರೋ ರೂಪವು ದ್ರವ್ಯದಿಂದಲೇ ಆದದ್ದು. ಚಿತ್ರವನ್ನು ತಿಂದವನು ಬಣ್ಣವನ್ನೂ ತಿನ್ನುತ್ತಾನೆ. ಆದುದರಿಂದ ಇಲ್ಲಿ ಕಣ್ಣಿಗೆ ಮುಂಚೆ ವಿಚಾರ ಎಚ್ಚರವಾಗಿರಬೇಕು. ಕಾಗದಕ್ಕೆ ಬಳಸುವ ಶಾಯಿ ಹೊಟ್ಟೆಗೆ ಸಲ್ಲದು. ಅಂಥ ಶಾಯಿಯನ್ನು ಹಿಂದೆ ಬಳಸಿದ ಯಂತ್ರವನ್ನು ತೊಳೆದು ತಿನಿಸಿಗೆ ಹಚ್ಚುವುದೂ ಸರಿಯಲ್ಲ. ಒಳಗಿನ ನಾಳಗಳಲ್ಲಿ ಶೇಷ ಉಳಿದಿರುತ್ತದೆ. ತಿನಿಸಿನ ಮುದ್ರಣಕ್ಕೆ ಬೇರೆಯದೇ ಯಂತ್ರವಿರಬೇಕು.

ಈ ಎಚ್ಚರಿಕೆ ಕೇವಲ ಊಹೆಯ ಭಯವಲ್ಲ. ಆಹಾರಕ್ಕೆ ಎಂಟು ಕೃತಕ ಬಣ್ಣಗಳನ್ನು ಮಾತ್ರ ನಮ್ಮ ದೇಶದ ನಿಯಮಗಳು ಒಪ್ಪುತ್ತವೆ, ಅವಕ್ಕೂ ಮಿತಿಯುಂಟು. ಹೀಗಿದ್ದರೂ, ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣವು ಬಾಂಬೆ ಮಿಠಾಯಿಯಲ್ಲಿ ಕಂಡುಬಂದುದರಿಂದ ಕರ್ನಾಟಕ ಸರ್ಕಾರವು ೨೦೨೪ರ ಮಾರ್ಚಿಯಲ್ಲಿ ಅದರ ಬಳಕೆಯನ್ನು ನಿಷೇಧಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ೨೩೫ ಕೇಕ್ ಮಾದರಿಗಳ ಪೈಕಿ ೧೨ ಮಾದರಿಗಳು ಬಣ್ಣದ ದೆಸೆಯಿಂದ ಅಸುರಕ್ಷಿತವೆನಿಸಿದವು. ಉಳಿದ ೨೨೩ ಮಾದರಿಗಳು ಸುರಕ್ಷಿತವಾಗಿದ್ದುವೆಂಬುದನ್ನೂ ಹೇಳುವುದು ನ್ಯಾಯ. ದೋಷವು ಕಸುಬಿನದಲ್ಲ, ಕಸುಬುದಾರನ ಅಜಾಗರೂಕತೆಯದು; ಎಚ್ಚರವುಳ್ಳ ಬೇಕರಿಯವನ ಚಿತ್ರವು ಸಕ್ಕರೆಯ ಗಿಳಿಯಷ್ಟೇ ಆದರಣೀಯ.

ಹೊಸತೆಂದು ಒಂದನ್ನು ಹಳಿಯುವುದಾಗಲಿ ಹಳತೆಂದು ಇನ್ನೊಂದನ್ನು ಅಟ್ಟಕ್ಕೇರಿಸುವುದಾಗಲಿ ವಿದ್ಯಾವಂತರಿಗೆ ಒಪ್ಪುವುದಲ್ಲ. ಹಳೆಯ ಮನೆಗಳ ಅಟ್ಟದಲ್ಲಿ ಮರದ ಅಚ್ಚುಗಳು ಇನ್ನೂ ಉಳಿದಿದ್ದರೆ, ಮುಂದಿನ ಸಂಕ್ರಾಂತಿಗೆ ಅವನ್ನು ಇಳಿಸಿ ನೆನೆಹಾಕಬಹುದು. ಬಿಸಿ ಪಾಕವನ್ನು ಹಿರಿಯರು ಎರೆಯಲಿ. ದಾರ ಬಿಚ್ಚುವ ಕೆಲಸ ಮಕ್ಕಳದಾಗಲಿ. ಹೋಳುಗಳ ನಡುವಿನಿಂದ ಗಿಳಿಯೊಂದು ಇಡಿಯಾಗಿ ಹೊರಬಂದುದನ್ನು ಕಂಡ ಮಗು, ಬೇಕರಿಯ ಚಿತ್ರವನ್ನು ನೋಡಿದಾಗ ಅದು ಯಾವುದರಿಂದ ಆದದ್ದೆಂದು ತಾನಾಗಿಯೇ ಕೇಳುವುದು.