ಕನ್ನಡನಾಡಿನ ಅರಸುಮಗಳು, ಗುಜರಾತಿನ ರಾಜಮಾತೆ: ಐತಿಹಾಸಿಕ ಕಾದಂಬರಿಯ ಸ್ತ್ರೀಪಾತ್ರವನ್ನು ಕುರಿತು

ಐತಿಹಾಸಿಕ ಕಾದಂಬರಿಯ ವಿಮರ್ಶೆಯಲ್ಲಿ ಇತಿಹಾಸನಿಷ್ಠೆ ಮತ್ತು ಕಲ್ಪನಾಸ್ವಾತಂತ್ರ್ಯ ಎಂಬ ಎರಡು ಮಾತುಗಳು ಮೇಲಿಂದ ಮೇಲೆ ಬಳಕೆಯಾಗುತ್ತವೆ. ಕಥಾನಾಯಕನು ಅರಸನಾಗಿದ್ದಾಗ ಇವೆರಡರ ನಡುವಣ ಗೆರೆಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಅವನ ಯುದ್ಧ, ದಾನ, ಬಿರುದುಗಳು ಶಾಸನಗಳಲ್ಲಿ ದೊರೆಯುತ್ತವೆ. ಸ್ತ್ರೀಯ ವಿಷಯ ಹಾಗಲ್ಲ. ಆಕರಗಳು ಆಕೆಯನ್ನು ಬಹುಮಟ್ಟಿಗೆ ಮಗಳು, ಮಡದಿ, ತಾಯಿ ಎಂಬ ಸಂಬಂಧಗಳ ಮೂಲಕವೇ ಕಾಣುತ್ತವೆ. ಆಕೆ ಮಾಡಿದ ಕಾರ್ಯ ದಾಖಲಾದಾಗಲೂ ಅದರ ಹಿಂದಿನ ಮನಸ್ಸು ದಾಖಲಾಗುವುದಿಲ್ಲ. ಈ ಮೌನವನ್ನು ಕಾದಂಬರಿಕಾರ ಯಾವುದರಿಂದ ತುಂಬುತ್ತಾನೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಇದರ ಪರಿಶೀಲನೆಗೆ ಕರ್ನಾಟಕ ಮತ್ತು ಗುಜರಾತುಗಳೆರಡಕ್ಕೂ ಸಂಬಂಧಿಸಿದ ಮಯಣಲ್ಲಾದೇವಿಯ ವೃತ್ತಾಂತ ಉತ್ತಮ ನಿದರ್ಶನವಾಗಿದೆ.

1. ಆಕರಗಳಲ್ಲಿ ಮಯಣಲ್ಲಾದೇವಿ

ಗುಜರಾತಿನ ಜನ ಮೀನಳದೇವಿ ಎಂದು ಕರೆಯುವ ಈಕೆ ಗೋವೆಯ ಕದಂಬವಂಶದ ಜಯಕೇಶಿಯ ಮಗಳು. ಅಣಹಿಲವಾಡ ಪಾಟಣದ ಚಾಲುಕ್ಯ ಅರಸ ಕರ್ಣನ ರಾಣಿ. ಸಿದ್ಧರಾಜ ಜಯಸಿಂಹನ ತಾಯಿ. ಈಕೆಯ ವಿವಾಹವನ್ನು ಇಬ್ಬರು ಜೈನ ಗ್ರಂಥಕಾರರು ಎರಡು ಬಗೆಯಾಗಿ ಹೇಳುತ್ತಾರೆ. ಸಿದ್ಧರಾಜನ ಸಮಕಾಲೀನನಾದ ಹೇಮಚಂದ್ರನ 'ದ್ವ್ಯಾಶ್ರಯ'ದಲ್ಲಿ ಕರ್ಣನು ಆಕೆಯ ಚಿತ್ರಪಟವನ್ನು ಕಂಡು ಮೋಹಗೊಳ್ಳುತ್ತಾನೆ. 1305ರ ಸುಮಾರಿನಲ್ಲಿ ರಚಿತವಾದ ಮೇರುತುಂಗನ 'ಪ್ರಬಂಧಚಿಂತಾಮಣಿ'ಯಲ್ಲಾದರೋ ಆಕೆ ತಾನಾಗಿಯೇ ಪಾಟಣಕ್ಕೆ ಬರುತ್ತಾಳೆ. ಕುರೂಪಿಯೆಂದು ಕರ್ಣನು ನಿರಾಕರಿಸಿದಾಗ ಪ್ರಾಣತ್ಯಾಗಕ್ಕೆ ಸಿದ್ಧಳಾಗುತ್ತಾಳೆ. ಅರಸನ ತಾಯಿ ಉದಯಮತಿ ತಾನೂ ಜೊತೆಯಲ್ಲಿ ಸಾಯುವೆನೆಂದು ಹಟ ಹಿಡಿದಾಗ ಮಾತ್ರ ಮದುವೆ ನಡೆಯುತ್ತದೆ. ಪಾಟಣದ ಪ್ರಸಿದ್ಧ 'ರಾಣಿಯ ಬಾವಿ'ಯನ್ನು ಕಟ್ಟಿಸಿದವಳೆಂದು ಹೆಸರಾದವಳು ಈ ಉದಯಮತಿಯೇ.

ಒಂದೇ ಘಟನೆ ಒಂದೆಡೆ ಶೃಂಗಾರಕಾವ್ಯದ ಪರಿಚಿತ ಸನ್ನಿವೇಶವಾಗಿದೆ. ಇನ್ನೊಂದೆಡೆ ಇಬ್ಬರು ಸ್ತ್ರೀಯರ ಛಲದ ಕಥೆಯಾಗಿದೆ. ಆಸ್ಥಾನಕ್ಕೆ ಸಮೀಪವಾದ ಕೃತಿ ಅರಸನ ಗೌರವವನ್ನು ಕಾಪಾಡಿದರೆ, ಸುಮಾರು ಒಂದೂವರೆ ಶತಮಾನದ ಅನಂತರದ ಕೃತಿ ಜನರ ಬಾಯಲ್ಲಿ ಉಳಿದುದನ್ನು ಸಂಗ್ರಹಿಸಿರಬೇಕು. ಯಾವುದು ನಿಜವೆಂದು ತೀರ್ಮಾನಿಸುವುದಕ್ಕಿಂತ ಈ ವ್ಯತ್ಯಾಸವನ್ನು ಗಮನಿಸುವುದು ಸಾಹಿತ್ಯದ ವಿದ್ಯಾರ್ಥಿಗೆ ಮುಖ್ಯ. ಇಂತಹ ಆಕರಗಳು ಉಳಿದು ಬಂದದ್ದು ಜೈನ ಭಂಡಾರಗಳಿಂದ. ಅಹಮದಾಬಾದಿನ ನವರಂಗಪುರದಲ್ಲಿ, ಗುಜರಾತ್ ವಿಶ್ವವಿದ್ಯಾಲಯದ ನೆರೆಯಲ್ಲಿರುವ ಲಾಲ್‌ಭಾಯಿ ದಲ್ಪತ್‌ಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರವು ಅಂತಹ ಹಸ್ತಪ್ರತಿಗಳ ದೊಡ್ಡ ಸಂಗ್ರಹವನ್ನು ಹೊಂದಿದೆ.

ಮೇರುತುಂಗನು ಹೇಳುವ ಮತ್ತೊಂದು ಪ್ರಸಂಗ ಇನ್ನೂ ಮಹತ್ತ್ವದ್ದು. ಸೋಮನಾಥಕ್ಕೆ ಹೊರಟ ರಾಜಮಾತೆ ಬಾಹುಲೋಡದಲ್ಲಿ ಯಾತ್ರಿಕರ ಸುಂಕವನ್ನು ಕಾಣುತ್ತಾಳೆ. ತೆರಲಾರದ ಬಡವರು ಕಣ್ಣೀರಿಡುತ್ತ ಹಿಂದಿರುಗುತ್ತಿರುತ್ತಾರೆ. ಆಕೆಯೂ ದರ್ಶನ ಮಾಡದೆ ಹಿಂದಿರುಗುತ್ತಾಳೆ. ಎಪ್ಪತ್ತೆರಡು ಲಕ್ಷದ ಆದಾಯವಿದ್ದ ಆ ಸುಂಕವನ್ನು ಸಿದ್ಧರಾಜನು ತಾಯಿಗಾಗಿ ರದ್ದುಗೊಳಿಸುತ್ತಾನೆ. ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ತನ್ನಂತೆ ದಾನ ಮಾಡಿದವರಿಲ್ಲವೆಂದು ಹೆಮ್ಮೆಪಟ್ಟ ರಾಣಿಗೆ, ಭಿಕ್ಷೆ ಬೇಡಿ ಬಂದ ಬಡ ಯಾತ್ರಿಕಳೊಬ್ಬಳ ಪುಣ್ಯ ಇದಕ್ಕಿಂತ ಹಿರಿದೆಂದು ದೇವರೇ ತಿಳಿಸುತ್ತಾನೆ. ಆಜ್ಞೆ ಹೊರಡಿಸುವ ಅಧಿಕಾರ ಮಗನದಾದರೂ ಆ ಆಜ್ಞೆಗೆ ಕಾರಣವಾದ ಸಂಕಲ್ಪ ತಾಯಿಯದು ಎಂಬುದನ್ನು ಗಮನಿಸಬೇಕು.

2. ಮುನ್ಶಿಯವರ ಮೀನಳದೇವಿ

ಗುಜರಾತಿ ಕಾದಂಬರಿಯ ಆರಂಭವೇ ಐತಿಹಾಸಿಕ ವಸ್ತುವಿನಿಂದ ಆದದ್ದು. ಸೂರತ್ತಿನ ನಂದಶಂಕರ ಮೆಹತಾ ಅವರ 'ಕರಣ ಘೇಲೋ' 1866ರಲ್ಲಿ ಪ್ರಕಟವಾಯಿತು. ಅಲ್ಲಿ ಅರಸನು ಮಂತ್ರಿಯ ಪತ್ನಿಯನ್ನು ಅಪಹರಿಸಿದ್ದೇ ರಾಜ್ಯನಾಶಕ್ಕೆ ಮೂಲ. ಆದರೆ ಅಪಹೃತೆಯು ಘಟನೆಗೆ ನಿಮಿತ್ತಳೇ ಹೊರತು ಅದನ್ನು ನಡೆಸುವವಳಲ್ಲ. ಅರ್ಧ ಶತಮಾನದ ತರುವಾಯ, ಬರೋಡಾ ಕಾಲೇಜಿನಲ್ಲಿ ಓದಿದ ಕನ್ನಯ್ಯಲಾಲ್ ಮುನ್ಶಿಯವರು 'ಪಾಟಣನೀ ಪ್ರಭುತಾ' (1916) ಕಾದಂಬರಿಯ ನಡುವೆ ಮೀನಳದೇವಿಯನ್ನು ನಿಲ್ಲಿಸಿದರು. ಇದು ದೊಡ್ಡ ಪಲ್ಲಟ. ಇಲ್ಲಿನ ರಾಣಿಗೆ ಮಹತ್ತ್ವಾಕಾಂಕ್ಷೆಯಿದೆ, ರಾಜನೀತಿಯಿದೆ, ತಪ್ಪು ಮಾಡುವ ಸ್ವಾತಂತ್ರ್ಯವೂ ಇದೆ. ಪಟ್ಟಣದ ಜನ ತನಗೆ ವಿರುದ್ಧವಾಗಿ ನಿಂತಾಗ ಅಧಿಕಾರದ ಮಿತಿಯನ್ನು ಆಕೆ ಅನುಭವದಿಂದ ಕಲಿಯುತ್ತಾಳೆ.

ಆದರೆ ಆಕರಗಳ ಮೌನವನ್ನು ಮುನ್ಶಿಯವರು ತುಂಬಿದ್ದು ಪ್ರಣಯದಿಂದ. ಮಂತ್ರಿ ಮುಂಜಾಲನಲ್ಲಿ ರಾಣಿಗಿದ್ದ ಅನುರಾಗ ಕಥೆಯ ಒಳಗಿನ ಎಳೆಯಾಗುತ್ತದೆ. ಇದರಿಂದ ಪಾತ್ರಕ್ಕೆ ಜೀವ ಬಂದಿದೆ ನಿಜ. ಆದರೆ ದೂರದ ನಾಡಿನಿಂದ ಬಂದು, ಭಾಷೆ ಬೇರೆಯಾದ ರಾಜಧಾನಿಯಲ್ಲಿ ತನ್ನ ಸ್ಥಾನವನ್ನು ತಾನೇ ಕಟ್ಟಿಕೊಂಡವಳ ಪ್ರೇರಣೆಗಳೆಲ್ಲವೂ ಒಬ್ಬ ಪುರುಷನ ಕಡೆಗೆ ತಿರುಗುವುದರಿಂದ ಆಕೆಯ ರಾಜಕೀಯ ವ್ಯಕ್ತಿತ್ವ ಅಷ್ಟರಮಟ್ಟಿಗೆ ಕುಗ್ಗುತ್ತದೆ.

3. ಕನ್ನಡದ ಹೋಲಿಕೆ

ಕನ್ನಡದಲ್ಲಿ ಇದಕ್ಕೆ ಹೋಲಿಸಬಹುದಾದ ಪಾತ್ರ ಶಾಂತಲೆ. ಈಕೆಯ ವಿಷಯದಲ್ಲಿ ಸಮಕಾಲೀನ ಶಾಸನಗಳೇ ಇವೆ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ್ದು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದು, ಬಳಿಕ ತಾಯಿ ಮಾಚಿಕಬ್ಬೆ ಸಲ್ಲೇಖನ ಕೈಗೊಂಡದ್ದು ಅವುಗಳಿಂದ ತಿಳಿಯುತ್ತವೆ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಮತ್ತು ಸಿ.ಕೆ. ನಾಗರಾಜರಾವ್ ಅವರ ನಾಲ್ಕು ಸಂಪುಟಗಳ 'ಪಟ್ಟಮಹಾದೇವಿ ಶಾಂತಲದೇವಿ' ಎರಡೂ ಈಕೆಯನ್ನು ಕುರಿತವು. ಎರಡನೆಯದಕ್ಕೆ 1983ರ ಮೂರ್ತಿದೇವಿ ಪ್ರಶಸ್ತಿ ಸಂದಿತು. ಶಾಸನಗಳು ಹೇರಳವಾಗಿರುವಾಗ ಕಾದಂಬರಿಕಾರನಿಗೆ ಎದುರಾಗುವ ತೊಡಕು ಬೇರೆ ಬಗೆಯದು. ಶಾಸನದ ಭಾಷೆ ಸ್ತುತಿಯ ಭಾಷೆ. ಅದನ್ನೇ ಸ್ವಭಾವಚಿತ್ರಣವೆಂದು ಸ್ವೀಕರಿಸಿದರೆ ರಾಣಿ ದೋಷವಿಲ್ಲದ ಪ್ರತಿಮೆಯಾಗುತ್ತಾಳೆ; ಮನುಷ್ಯಳಾಗುವುದಿಲ್ಲ. ಮೀನಳದೇವಿಗೆ ಪ್ರಣಯ ಮುಸುಕಾದರೆ ಶಾಂತಲೆಗೆ ಪ್ರಶಸ್ತಿಯೇ ಮುಸುಕಾಗಬಲ್ಲುದು.

4. ಉಪಸಂಹಾರ

ಇದರಿಂದ ಅಧ್ಯಯನಕ್ಕೆ ಒಂದು ಕ್ರಮ ದೊರೆಯುತ್ತದೆ. ಮೊದಲು, ಆಕರದಲ್ಲಿ ಆ ಸ್ತ್ರೀ ಮಾಡಿದ ಕಾರ್ಯ ಯಾವುದೆಂದು ಗುರುತಿಸಬೇಕು. ಎರಡನೆಯದಾಗಿ, ಆಕರವನ್ನು ಬರೆದವರು ಯಾರು, ಯಾರಿಗಾಗಿ ಬರೆದರು ಎಂಬುದನ್ನು ತಿಳಿಯಬೇಕು. ಕೊನೆಯದಾಗಿ, ಕಾದಂಬರಿ ಆ ಕಾರ್ಯಕ್ಕೆ ಆಕೆಯ ಮನಸ್ಸಿನೊಳಗಿನಿಂದ ಕಾರಣ ಒದಗಿಸಿದೆಯೇ, ಇಲ್ಲವೆ ಅದರ ಬದಲು ಬೇರೊಂದು ಕಥೆಯನ್ನು ಕೊಟ್ಟಿದೆಯೇ ಎಂದು ಕೇಳಬೇಕು. ಬಾಹುಲೋಡದ ದಾರಿಯಲ್ಲಿ ಹಿಂದಿರುಗಿದ ರಾಣಿಯ ಮನಸ್ಸಿನಲ್ಲಿ ಏನಿತ್ತೆಂದು ಪ್ರಬಂಧಕಾರ ಹೇಳಲಿಲ್ಲ. ಅದನ್ನು ಊಹಿಸುವುದು ಕಾದಂಬರಿಕಾರನ ಹಕ್ಕು. ಆ ಊಹೆ ಆಕೆಯ ಕಾರ್ಯಕ್ಕೆ ತಕ್ಕಷ್ಟು ದೊಡ್ಡದಾಗಿರಬೇಕೆಂಬುದು ಅವನ ಹೊಣೆ.