‘ಜೇಡರ ಬಲೆ’ಯೂ ಹಟ್ಟಿಯ ಚಿನ್ನವೂ

ಬಹುಜನರು ಕೊಂಡಾಡಿದ ಕೃತಿಯೊಂದು ತನಗೆ ಹಿಡಿಸಲಿಲ್ಲವೆಂದು ಹೇಳಿಕೊಳ್ಳಲು ತುಸು ಧೈರ್ಯ ಬೇಕು. ಕೊಂಡಾಡಿದವರಲ್ಲಿ ನಮ್ಮ ಮುತ್ಯಾನೂ ಒಬ್ಬನಾಗಿರುವಾಗ ಅದು ಇನ್ನಷ್ಟು ಬೇಕು. ಆದರೂ ದೊರೆ-ಭಗವಾನ್ ಜೋಡಿ ನಿರ್ದೇಶಿಸಿದ, 1968ರಲ್ಲಿ ತೆರೆಕಂಡ ‘ಜೇಡರ ಬಲೆ’ ಚಿತ್ರವು ನನ್ನನ್ನು ಏಕೆ ನಿರಾಶೆಗೊಳಿಸಿತೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಕನ್ನಡದ ಪತ್ತೇದಾರಿ ಚಿತ್ರಗಳ ಮಾತು ಬಂದಲ್ಲೆಲ್ಲ ಈ ಹೆಸರು ಬಂದೇ ಬರುತ್ತದೆ. 1962ರ ‘ಡಾಕ್ಟರ್ ನೋ’ ಚಿತ್ರದಿಂದ ಬೆಳ್ಳಿತೆರೆಗೆ ಬಂದ ಜೇಮ್ಸ್ ಬಾಂಡನ ಮಾದರಿಯಲ್ಲಿ ರಾಜಕುಮಾರರು ಇಲ್ಲಿ ಸಿ.ಐ.ಡಿ. 999 ಆದರು. ಜನರ ಮೆಚ್ಚುಗೆ ಎಷ್ಟಿತ್ತೆಂದರೆ ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು.

ಕಥೆಯು ಲೋಹವನ್ನು ಚಿನ್ನವಾಗಿಸುವ ಸೂತ್ರವೊಂದರ ಸುತ್ತ ತಿರುಗುತ್ತದೆ. ನಾನು ಮೊದಲು ಎಡವಿದ್ದು ಇಲ್ಲಿಯೇ. ನನ್ನ ಸೋದರಮಾವ ಹಟ್ಟಿ ಗಣಿಯಲ್ಲಿ ನೆಲದಡಿಯ ಕೆಲಸದವನು. ಒಂದು ಟನ್ ಕಲ್ಲನ್ನು ಒಡೆದು, ಅರೆದು, ತೊಳೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನವೆಂದು ಅವನ ಬಾಯಿಂದಲೇ ಕೇಳಿ ಬೆಳೆದವನು ನಾನು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದೂ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರನಿಂದ. ಇನ್ನು ವಿಜ್ಞಾನದ ಮಾತು: ಯುರೋಪಿನ ಸರ್ನ್ ಪ್ರಯೋಗಾಲಯದವರು ಸೀಸದ ಪರಮಾಣುಗಳಿಂದ ಚಿನ್ನ ಹುಟ್ಟಿದ್ದನ್ನು ಅಳೆದು 2025ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಗಳ ಪ್ರಯೋಗದಲ್ಲಿ ಹುಟ್ಟಿದ್ದು ಸುಮಾರು 29 ಪಿಕೊಗ್ರಾಂ. ಅಂದರೆ ಕಣ್ಣಿಗೂ ಕಾಣದಷ್ಟು. ಹೀಗಿರುವಾಗ ಈ ಸೂತ್ರವನ್ನು ನಂಬುವುದೆಂತು?

ಆದರೆ ಇದು ದೋಷವಲ್ಲವೆಂದು ಆಮೇಲೆ ತಿಳಿಯಿತು. ಎಲ್ಲರೂ ಬೆನ್ನಟ್ಟುವ ವಸ್ತು ಏನಾದರೂ ಆಗಬಹುದು, ಬೆನ್ನಟ್ಟುವಿಕೆಯೇ ಮುಖ್ಯ ಎಂಬುದು ಈ ಬಗೆಯ ಚಿತ್ರಗಳ ಆಚಾರ್ಯನಾದ ಹಿಚ್‌ಕಾಕನ ಅಭಿಪ್ರಾಯ. ಅಂಥ ವಸ್ತುವಿಗೆ ಆತ ‘ಮೆಕ್‌ಗಫಿನ್’ ಎನ್ನುತ್ತಿದ್ದ. ಹಾಗಾದರೆ ಕೊರತೆ ಎಲ್ಲಿದೆ?

ನಮ್ಮ ಗಬ್ಬೂರಿನ ಕಣದ ಬಣವೆಯೊಂದನ್ನು ನೆನೆಯಿರಿ. ಸೊಪ್ಪೆಯೊಳಗೆ ಹಾವು ಸೇರಿದ್ದನ್ನು ನಾವು ಕಂಡಿದ್ದೇವೆ. ಎತ್ತಿಗೆ ಮೇವು ಹಿರಿಯಲು ಬಂದ ಹುಡುಗನಿಗೆ ಅದು ತಿಳಿಯದು. ಅವನು ಕೈ ಚಾಚುವ ತನಕ ನಾವು ಉಸಿರು ಬಿಗಿಹಿಡಿಯುತ್ತೇವಲ್ಲ, ಅದೇ ಕುತೂಹಲದ ಮೂಲ. ‘ಜೇಡರ ಬಲೆ’ಯಲ್ಲಿಯೂ ಹಾವುಗಳಿಗೆ ಬರಗಾಲವಿಲ್ಲ, ಆದರೆ ಅವು 999ನನ್ನು ಕಚ್ಚಲಾರವೆಂಬುದು ನನಗೆ ಮೊದಲೇ ಗೊತ್ತು. ನಾಯಕನಿಗಾಗಿ ನಾನು ಒಂದು ಗಳಿಗೆಯೂ ಅಂಜಲಿಲ್ಲ. ನಡುವೆ ಹಾಡು ಬಂದರಂತೂ ಅಪಾಯವೇ ಮರೆತುಹೋಗುತ್ತದೆ.

ಇದನ್ನೆಲ್ಲ ನಾನು ಮುತ್ಯಾನ ಪಕ್ಕದಲ್ಲಿ ಕುಳಿತು, ಮೊಬೈಲಿನಲ್ಲಿ ಚಿತ್ರ ಮುಗಿಯುವ ಮೊದಲೇ, ಕಲಿತವನ ಗತ್ತಿನಲ್ಲಿ ಹೇಳಿಬಿಟ್ಟೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮುತ್ಯಾ ಮರುಮಾತಾಡದೆ ಮೊಬೈಲನ್ನು ನನ್ನ ಕೈಗಿತ್ತು ಎದ್ದುಹೋದ. ಎರಡು ದಿನ ನನ್ನೊಡನೆ ಸಿನಿಮಾದ ಸುದ್ದಿ ಎತ್ತಲಿಲ್ಲ.

ಮೂರನೆಯ ದಿನ ನಾನೇ ಕೇಳಿದೆ: “ಮುತ್ಯಾ, ನಿನಗ ಆ ಸಿನಿಮಾದಾಗ ಏನ್ ಸೇರಿತ್ತು?”

ಅವನು ಹತ್ತಿ ಮಾರಲು ಬಂಡಿ ಕಟ್ಟಿಕೊಂಡು ರಾಯಚೂರಿಗೆ ಹೋದಾಗ ಟಾಕೀಸಿನಲ್ಲಿ ನೆಲಕ್ಕೆ ಕುಳಿತು ನೋಡಿದ ಚಿತ್ರವದು. ಅದಕ್ಕೆ ಮುಂಚೆ ರಾಜಕುಮಾರರನ್ನು ಅವನು ಕಂಡದ್ದು ‘ಬೇಡರ ಕಣ್ಣಪ್ಪ’ದಲ್ಲಿ, ‘ಭಕ್ತ ಕನಕದಾಸ’ದಲ್ಲಿ. ರಾಯಚೂರು 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಸೂಟು ತೊಟ್ಟು ಗುಂಡು ಹಾರಿಸುವವರು ಹಿಂದಿಯವರು, ತೆಲುಗಿನವರು ಎಂದೇ ಅವನ ತಿಳಿವಳಿಕೆ.

“ಕಣ್ಣಪ್ಪನ ಕೈಯಾಗ ಪಿಸ್ತೂಲು ನೋಡಿದ್ವಿ ತಮ್ಮಾ! ಮಂದಿ ಎದ್ದು ನಿಂತು ಸೀಟಿ ಹೊಡದ್ರು. ಹಾವು ಕಚ್ಚತದೋ ಇಲ್ಲೋ ಅಂತ ಯಾರ್ ನೋಡ್ತಿದ್ರು?”

ಪರೀಕ್ಷೆ ಮುಗಿದ ಮೇಲೆ ಉಳಿದ ಮೂರನ್ನೂ ನೋಡೋಣವೆಂದಿದ್ದಾನೆ. ಮುಗಿಯುವ ತನಕ ನಾನು ಬಾಯಿ ಬಿಡಬಾರದೆಂಬ ಕರಾರು ಹಾಕಿದ್ದಾನೆ.