ಪಂಡಿತಾ ರಮಾಬಾಯಿಯವರ ಜೀವಿತ

ಮಮದಾಪುರದ ಸ್ತ್ರೀಯರ ಕೂಟದಲ್ಲಿ ಒಬ್ಬ ತಾಯಿಯು ನಮ್ಮನ್ನು ಕೇಳಿದ್ದೇನಂದರೆ: "ಉಪದೇಶಿಗಳ, ನಮ್ಮ ಹುಡಿಗಿಗೆ ಓದಾಕ ಬರಿಯಾಕ ಬಂತು, ಇನ್ನ ಸಾಲಿ ಯಾಕ್ರಿ? ನಾಳೆ ಲಗ್ನ ಆಗಿ ಹೋಗಾಕಿ." ಆ ದಿನ ನಾವು ತಕ್ಕ ಉತ್ತರವನ್ನು ಕೊಡಲಿಲ್ಲ. ಆದಕಾರಣ ಈ ತಿಂಗಳ ಪಾಠದಲ್ಲಿ ಒಬ್ಬ ಸ್ತ್ರೀಯ ಜೀವಿತವನ್ನು ಮುಂದಿಡುತ್ತೇವೆ. ಪಂಡಿತಾ ರಮಾಬಾಯಿಯವರನ್ನು ಅನೇಕರು ಮರಾಠಿ ಸೀಮೆಯವರೆಂದು ಮಾತ್ರ ಬಲ್ಲರು; ಹುಟ್ಟಿದ್ದಾದರೋ ನಮ್ಮ ಕರ್ನಾಟಕದಲ್ಲಿಯೇ.

1858ನೆಯ ಇಸವಿ ಏಪ್ರಿಲ್ 23ರಂದು ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ ಅವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಪಂಡಿತರ ಆಕ್ಷೇಪಣೆಗೆ ಗುರಿಯಾದವರು. ಅವರು ಮುಪ್ಪಿನವರಾದಾಗ ತಾಯಿಯೇ ಮಗಳಿಗೆ ಗುರುವಾದಳು. ಎಂಟನೆಯ ವಯಸ್ಸಿನಿಂದ ಹದಿನೈದರ ವರೆಗೂ ಕಲಿಸಿದಳು. ಸ್ಥಿರವಾದ ಮನೆಯಿಲ್ಲ, ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಓದುತ್ತಾ ನಡೆಯುವ ಕುಟುಂಬವದು. ಕಲಿಸಿದಾಕೆಯೂ ಲಗ್ನವಾಗಿ ಹೋದ ಹೆಂಗಸೇ ಎಂಬದನ್ನು ಮಮದಾಪುರದ ಆ ತಾಯಿಯು ಗಮನಿಸಲಿ.

ಬಳಿಕ ಕ್ಷಾಮವು ಬಂತು. 1874ರ ಸುಮಾರಿಗೆ ತಂದೆ, ತಾಯಿ, ಅಕ್ಕ, ಮೂವರೂ ಹಸಿವಿನಿಂದ ತೀರಿಹೋದರು. ತಾಯಿಯ ಶವವನ್ನು ಹೊರಲು ಇಬ್ಬರು ಮಾತ್ರ ಮುಂದೆ ಬಂದರು. ಅಣ್ಣ ಶ್ರೀನಿವಾಸನು ಮೂರನೆಯವನಾದನು, ನಾಲ್ಕನೆಯ ಹೆಗಲು ರಮಾಬಾಯಿಯವರದೇ. ಕುಳ್ಳಗಿದ್ದುದರಿಂದ ಅವರು ಚಟ್ಟವನ್ನು ತಲೆಯ ಮೇಲೆ ಹೊರಬೇಕಾಯಿತು. ಅನಂತರ ಅಣ್ಣತಂಗಿಯರು ಕಾಲುನಡೆಯಾಗಿ ಉತ್ತರಕ್ಕೆ ಹೋದರು. ಝೇಲಂ ನದಿಯ ತೀರದಲ್ಲಿ ಚಳಿ ತಾಳಲಾರದೆ ಮರಳಿನಲ್ಲಿ ಕುಣಿ ತೋಡಿ, ತಲೆಯೊಂದನ್ನು ಹೊರಗಿಟ್ಟು ಮಲಗಿದರು.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅನ್ಯಜಾತಿಯ ವಕೀಲರಾದ ಬಿಪಿನ್ ಬಿಹಾರಿಯವರೊಡನೆ ವಿವಾಹವಾಯಿತು. ಎರಡು ವರುಷ ತುಂಬುವದರೊಳಗೆ ಪತಿಯು ಕಾಲರಾದಿಂದ ಮೃತರಾದರು. ಕೈಯಲ್ಲಿ ಮನೋರಮಾ ಎಂಬ ಎಳೆಗೂಸು. ಅದೇ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಕಟ್ಟಿ, ಸರಕಾರದ ಹಂಟರ್ ಆಯೋಗದ ಮುಂದೆ ನಿಂತು, ಸ್ತ್ರೀಯರಿಗೆ ಸ್ತ್ರೀ ಉಪಾಧ್ಯಾಯರೂ ಸ್ತ್ರೀ ವೈದ್ಯರೂ ಬೇಕೆಂದು ಸಾಕ್ಷಿ ನುಡಿದರು.

1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಆದರೆ ಸಭೆಯ ಹಿರಿಯರು ಹೇಳಿದ್ದಕ್ಕೆಲ್ಲಾ ತಲೆಯಾಡಿಸಲಿಲ್ಲ. ಗಂಡಸರಿಗೆ ಪಾಠ ಹೇಳಕೂಡದೆಂದು ಬಿಷಪ್ಪರು ಆಕ್ಷೇಪಿಸಿದಾಗ ಖಂಡಿತವಾಗಿ ಪ್ರತಿಯುತ್ತರ ಬರೆದರು. ಇಂಥಾ ಸಭಿಕರು ದೊರೆತರೆ ನಮ್ಮಂಥ ಉಪದೇಶಿಗಳಿಗೆ ತುಸು ಕಷ್ಟವೇ ಸರಿ!

ಮೇಲ್ಜಾತಿಯ ಹಿಂದೂ ಸ್ತ್ರೀಯರ ದುಃಖವನ್ನು ಕುರಿತು 1887ರಲ್ಲಿ ಅವರು ಅಮೇರಿಕದಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯ ಜನರ ಸಹಾಯದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ತೆರೆಯಲ್ಪಟ್ಟು, ಮರುವರುಷ ಪುಣೆಗೆ ಸ್ಥಳಾಂತರವಾಯಿತು. ಅಲ್ಲಿ ಮತಬೋಧನೆ ಇಲ್ಲವೆಂಬ ಕರಾರಿತ್ತು. ಆದರೆ ರಮಾಬಾಯಿಯವರು ಪ್ರಾರ್ಥಿಸುವ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಹುಡುಗಿಯರು ಬಂದು ಕೂಡ್ರುತ್ತಿದ್ದರು. 1893ರಲ್ಲಿ ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅವರ ಭಯವು ಬುಡವಿಲ್ಲದ್ದೆಂದು ನಾವು ಹೇಳಲಾರೆವು. ಬಾಗಿಲು ಮುಚ್ಚಬೇಕಿತ್ತೆಂದೂ ಹೇಳಲಾರೆವು.

1896ರಲ್ಲಿ ಮಧ್ಯಪ್ರಾಂತಕ್ಕೆ ಕ್ಷಾಮ ಬಂದಾಗ ಅವರಿಗೆ ತಮ್ಮ ಹದಿನಾರನೆಯ ವರುಷವು ನೆನಪಾಗದೆ ಇದ್ದೀತೇ? ತಾವೇ ಹೋಗಿ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯಾಚೆಯ ಕೇಡಗಾಂವದಲ್ಲಿ ಇಳಿಸಿದರು. ಅದೇ ಮುಕ್ತಿ ಸದನ. ಗುಜರಾತದ ಕ್ಷಾಮದ ತರುವಾಯ ಅಲ್ಲಿ ಸುಮಾರು 2,000 ಮಂದಿ ಇದ್ದರು. ಯಾರೂ ಸುಮ್ಮನೆ ಕೂತು ಉಣ್ಣಲಿಲ್ಲ. ಬೇಸಾಯ, ನೇಯ್ಗೆ, ಗಾಣ, ಹೈನು, ಅಚ್ಚಿನ ಕೆಲಸ ಎಲ್ಲವನ್ನೂ ಹೆಂಗಸರೇ ನಡಿಸಿದರು. ಕುರುಡಿಯರು ಬೆರಳಿನಿಂದ ಓದಲು ಕಲಿತರು. 1912ರಲ್ಲಿ ಮಗಳು ಮನೋರಮಾಳ ಸಹಾಯದಿಂದ ನಮ್ಮ ಗುಲಬರ್ಗದಲ್ಲಿಯೂ ಒಂದು ಕ್ರೈಸ್ತ ಶಾಲೆಯು ಆರಂಭವಾಯಿತು.

ಕಡೇ ವರುಷಗಳನ್ನು ಅವರು ಸತ್ಯವೇದದ ಭಾಷಾಂತರಕ್ಕೆ ಕೊಟ್ಟರು. ಮೊದಲಿದ್ದ ಮರಾಠಿ ಭಾಷಾಂತರದ ಸಂಸ್ಕೃತ ಶಬ್ದಗಳು ಹಳ್ಳಿಯ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಸಂಸ್ಕೃತವೇ ಬಾಯಿಪಾಠವಾಗಿದ್ದ ಆ ಪಂಡಿತೆಯು ಇಬ್ರಿಯ, ಗ್ರೀಕ್ ಭಾಷೆಗಳನ್ನು ಅಭ್ಯಾಸಿಸಿ, ಆಡುಮಾತಿನ ಮರಾಠಿಯಲ್ಲಿ ಬರೆದರು. 1921ರಲ್ಲಿ ಮನೋರಮಾ ತೀರಿಕೊಂಡಳು. 1922ರ ಏಪ್ರಿಲ್ 5ರಂದು ತಾಯಿಯೂ ಹೊರಟುಹೋದರು. ಮುಕ್ತಿ ಸದನದ ಸ್ತ್ರೀಯರು ತಮ್ಮ ಕೈಯಿಂದಲೇ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದ ಆ ಸತ್ಯವೇದವು 1924ರಲ್ಲಿ ಪ್ರಕಟವಾಯಿತು.